ಥೈರಾಯ್ಡ್ ಕ್ಯಾನ್ಸರ್: ಚಿಕಿತ್ಸೆ ನಿರ್ಧರಿಸುವಾಗ ಗಂಡು-ಹೆಣ್ಣು ಎಂದು ನೋಡಬೇಕೆ?

ಪರ

ಥೈರಾಯ್ಡ್ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 3 ಪಟ್ಟು ಜಾಸ್ತಿ ಪತ್ತೆಯಾಗುತ್ತದೆ. ಗಂಡಸರಲ್ಲಿ ಸಿಕ್ಕಾಗ ಮಾತ್ರ ಅದು ಎಷ್ಟೋ ಸಲ ಮುಂದುವರಿದಿರುತ್ತದೆ, ಕುತ್ತಿಗೆಯ ದುಗ್ಧಗ್ರಂಥಿಗಳಿಗೂ ಹರಡಿರುತ್ತದೆ. ಗಂಡಸರು ತಡವಾಗಿ ತೋರಿಸಿಕೊಳ್ಳುತ್ತಾರೆ, ಅದಕ್ಕೇ ಹೀಗೆ ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಗಡ್ಡೆಯ ಒಳಗೆ ನಡೆಯುವುದನ್ನೂ ನೋಡಬೇಕಲ್ವಾ?

ಈ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಪ್ಯಾಪಿಲರಿ ಬಗೆಯವು. ಅಂಥ ಗಡ್ಡೆಗಳಲ್ಲಿ ತುಂಬ ಸಲ ಬಿಆರ್‌ಎಎಫ್ ಜೀನ್ ಕೆಟ್ಟಿರುತ್ತದೆ. ಅದು ತಯಾರಿಸುವ ಪ್ರೋಟೀನಿನ 600ನೇ ಜಾಗದಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಗ್ಲುಟಮಿಕ್ ಆಮ್ಲ ಎಂಬ ಇನ್ನೊಂದು ಬಂದು ಕೂತಿರುತ್ತದೆ. ಇಷ್ಟೇ ಸಾಕು, ಬೆಳೆಯುತ್ತಲೇ ಇರು ಎಂಬ ಸೂಚನೆ ಜೀವಕೋಶಕ್ಕೆ ಬಿಡದೆ ಹೋಗುತ್ತಿರುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಬದಲಾವಣೆ ಇದ್ದವರ ಪೈಕಿ ಗಂಡಸರಿಗೆ ಸಾವಿನ ಅಪಾಯ ಹೆಚ್ಚಿತ್ತು. ಬದಲಾವಣೆ ಇಲ್ಲದವರಲ್ಲಿ ಗಂಡು-ಹೆಣ್ಣಿನ ಅಂತರ ಹಾಗೆ ಕಾಣಲಿಲ್ಲ. ಅದೇ ಜೀನ್, ಅದೇ ದೋಷ, ಫಲ ಬೇರೆ. ಇದನ್ನು ಗೊತ್ತಿದ್ದೂ ಬದಿಗಿಡುವುದು ಸರಿಯಲ್ಲ.

ವಿರೋಧ

ಆ 3 ಪಟ್ಟನ್ನೇ ಮೊದಲು ಕೆದಕೋಣ. ಬೇರೆ ಕಾರಣಕ್ಕೆ ತೀರಿಕೊಂಡವರ ಥೈರಾಯ್ಡನ್ನು ಕೊಯ್ದು ನೋಡಿದರೆ, ಪುಟ್ಟ ಪ್ಯಾಪಿಲರಿ ಗಡ್ಡೆಗಳು ಗಂಡಸರಲ್ಲೂ ಹೆಂಗಸರಲ್ಲೂ ಹತ್ತಿರಹತ್ತಿರ ಸಮವಾಗಿ ಸಿಗುತ್ತವೆ. ಅಂದರೆ ಅಂತರದ ದೊಡ್ಡ ಪಾಲು ಯಾರನ್ನು ಹೆಚ್ಚು ಪರೀಕ್ಷಿಸುತ್ತೇವೆ ಎಂಬುದರಿಂದ ಬಂದದ್ದು. ದಕ್ಷಿಣ ಕೊರಿಯಾ ನೋಡಿ. ಅಲ್ಲಿ ಕುತ್ತಿಗೆಯ ಸ್ಕ್ಯಾನ್ ಜಾಸ್ತಿಯಾದ ಮೇಲೆ, 2011ರಲ್ಲಿ ಪತ್ತೆಯ ಪ್ರಮಾಣ 1993ರ 15 ಪಟ್ಟಾಯಿತು. ಸಾವಿನ ಪ್ರಮಾಣ ಕದಲಲಿಲ್ಲ. ಎಷ್ಟೋ ಜನರು ಸುಮ್ನೆ ಗ್ರಂಥಿ ಕಳೆದುಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು.

ಜೀನ್‌ಗಳ ಮಾತಿಗೆ ಬಂದರೂ ಅಷ್ಟೇ. 2014ರಲ್ಲಿ ಸುಮಾರು 500 ಪ್ಯಾಪಿಲರಿ ಗಡ್ಡೆಗಳ ಜೀನ್ ನಕ್ಷೆ ಬಂದಾಗ ಅವು ಬಿಆರ್‌ಎಎಫ್ ತರಹದವು, ಆರ್‌ಎಎಸ್ (ಇದು ಬೇರೊಂದು ಜೀನ್ ಗುಂಪು) ತರಹದವು ಎಂದು ಎರಡು ಗುಂಪಾದವು. ಬಿಆರ್‌ಎಎಫ್ ದೋಷದ ಜೊತೆ ಟಿಇಆರ್‌ಟಿ ಎಂಬ ಇನ್ನೊಂದು ಜೀನಿನ ದೋಷವೂ ಸೇರಿದರೆ ಅಪಾಯ ನಿಜಕ್ಕೂ ಏರುತ್ತದೆ, ರೋಗಿ ಯಾರೇ ಆಗಿರಲಿ. 2018ರಿಂದ ಜಾರಿಯಲ್ಲಿರುವ ಕ್ಯಾನ್ಸರಿನ ಹಂತ ನಿಗದಿಯ ಪದ್ಧತಿಯೂ ರೋಗಿಯ ವಯಸ್ಸಿಗೆ 55 ವರ್ಷದ ಗೆರೆ ಎಳೆಯುತ್ತದೆ, ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ.

ನನಗೆ ಹೆಚ್ಚು ಭಯ ಇರುವುದು ಬೇರೆ ಕಡೆ. ಎರಡೂ ದೋಷ ಇರುವ ಹೆಂಗಸಿಗೆ ‘ಹೆಂಗಸರಲ್ಲಿ ಇದು ಮಾಮೂಲು, ಹೆದರಬೇಡಿ’ ಎಂದು ಕಳಿಸಿಬಿಟ್ಟರೆ? ಪುಟ್ಟ ಗಡ್ಡೆಯ ಗಂಡಸಿಗೆ, ಗಂಡಸು ಎಂಬ ಒಂದೇ ಕಾರಣಕ್ಕೆ ಇಡೀ ಗ್ರಂಥಿ ತೆಗೆದು, ದನಿಯ ನರಕ್ಕೆ ಪೆಟ್ಟಾದರೆ? ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿ, ಅದು ಹೇಳಿದಂತೆ ನಡೆಯಲಿ.