ಅದು ಲ್ಯಾಂಪ್ ಅಲ್ಲ ಮಾರಾಯ್ರೇ

ನಿನ್ನೆ ಸಂಜೆ ಮಗಳ ಹಟಕ್ಕೆ ನಮ್ಮ ಏರಿಯಾದ ಹೊಸ ಜಪಾನಿ ಹೋಟೆಲಿಗೆ ಹೋಗಿದ್ದೆ. ಸೂಪು ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಗೋಡೆಯ ಬಗ್ಗೆ. ಸೆಲ್ಫಿ ಮೂಲೆಯಲ್ಲಿ ಆಳೆತ್ತರಕ್ಕೆ ಜಪಾನಿನ ಹಳೇ ಚಿತ್ರಕಾರ ಹೊಕುಸಾಯಿಯ ಓಇವಾ! ಕಾಗದದ ಲಾಟೀನು, ಅದು ಹರಿದ ಜಾಗವೇ ಬಾಯಿ. ಅದರ ಮುಂದೆ ಒಂದು ಜೋಡಿ ಬೆರಳಲ್ಲಿ ಹಾರ್ಟ್ ಮಾಡಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿತ್ತು. ಇದು ಯಾರು ಗೊತ್ತಾ ಅಂತ ಬಡಿಸುವ ಹುಡುಗನನ್ನು ಕೇಳಿದೆ.

"ಜಪಾನೀಸ್ ಲ್ಯಾಂಪ್ ಸರ್."

ಆ ಲ್ಯಾಂಪಿಗೆ ಒಬ್ಬ ಗಂಡ ಇದ್ದ. ಅವನ ಮೇಲೆ ಪಕ್ಕದ ಮನೆ ಹುಡುಗಿಗೆ ಮನಸ್ಸು. ಆ ಮನೆಯವರು ಔಷಧಿ ಅಂತ ವಿಷ ಕಳಿಸುತ್ತಾರೆ. ಓಇವಾಳ ಮುಖ ವಿಕಾರವಾಗುತ್ತದೆ, ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬರುತ್ತದೆ, ಸತ್ತು ದೆವ್ವವಾಗುತ್ತಾಳೆ. ಇದು 1825ರಲ್ಲಿ ಎದೋ ಪಟ್ಟಣದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಮೊದಲು ಆಡಿದ ಕಬುಕಿ, ಅಂದರೆ ಜಪಾನಿನ ಸಾಂಪ್ರದಾಯಿಕ ಶೈಲಿಯ ನಾಟಕ. ಆರೇಳು ವರ್ಷದ ಮೇಲೆ ಹೊಕುಸಾಯಿ ಚಿತ್ರ ಬರೆದ. ಎಲ್ಲರೂ ಟೀ ಶರ್ಟ್ ಮೇಲೆ ಹಾಕಿಕೊಳ್ಳುವ ಆ ದೊಡ್ಡ ಅಲೆಯೂ ಹೆಚ್ಚುಕಮ್ಮಿ ಅದೇ ಕಾಲದ್ದು. ಮುದುಕನಿಗೆ ಎಪ್ಪತ್ತು ದಾಟಿತ್ತು!

ಓಇವಾ ಇರುವ ಚಿತ್ರಸರಣಿಯ ಹೆಸರು ನೂರು ಕಥೆ. ಹಿಂದೆ ಅಲ್ಲಿ ಒಂದು ಆಟ ಇತ್ತು. ರಾತ್ರಿ ನೂರು ಬತ್ತಿ ಹಚ್ಚಿಟ್ಟು ದೆವ್ವದ ಕಥೆ ಹೇಳುವುದು, ಒಂದು ಮುಗಿದರೆ ಒಂದು ಬತ್ತಿ ಆರಿಸುವುದು. ಕೊನೇದು ಆರಿದಾಗ ನಿಜವಾದದ್ದೇ ಬರುತ್ತದೆ ಅಂತ ನಂಬಿಕೆ. ಹೆಸರಿಗೆ ನೂರಾದರೂ ಹೊಕುಸಾಯಿಯ ಚಿತ್ರ ಸಿಕ್ಕಿರುವುದು ಐದೇ. ಅದರಲ್ಲೊಂದು ಓಕಿಕು. ಹತ್ತು ತಟ್ಟೆಯಲ್ಲಿ ಒಂದು ಕಮ್ಮಿಯಾಯಿತು ಅಂತ ಬಾವಿಗೆ ಬಿದ್ದ ಕೆಲಸದ ಹುಡುಗಿ. ರಾತ್ರಿ ಎದ್ದು ಬಂದು ಒಂಬತ್ತರವರೆಗೆ ಎಣಿಸಿ ಕಿರುಚುತ್ತಾಳೆ. ಹೊಕುಸಾಯಿ ಅವಳ ಕುತ್ತಿಗೆಯನ್ನೇ ತಟ್ಟೆಗಳಿಂದ ಜೋಡಿಸಿದ್ದಾನೆ. ಕಥೆ ಗೊತ್ತಿಲ್ಲದವರಿಗೆ ಅದೂ 'ಕ್ಯೂಟ್ ಸ್ನೇಕ್' ಆಗಬಹುದು.

"ಆ ಕಾಲದಲ್ಲೂ ಇವು ಅಗ್ಗದ ಮಾಲೇ ಅಲ್ವಾ, ಒಂದು ಬಟ್ಟಲು ನೂಡಲ್ಸ್ ದುಡ್ಡಿಗೆ ಸಿಗುತ್ತಿತ್ತು, ಹೋಟೆಲಲ್ಲಿ ಹಾಕಿದರೆ ಏನೀಗ?" ಅಂತ ಕೇಳುವ ಗೆಳೆಯರಿದ್ದಾರೆ. ಹೌದು, ಅಗ್ಗವೇ. ಚೆರ್ರಿ ಮರದ ಹಲಗೆ ಕೆತ್ತಿ, ಬಣ್ಣ ಬಳಿದು, ರಾಶಿರಾಶಿ ಅಚ್ಚು ಹಾಕಿ ಮಾರುತ್ತಿದ್ದರು. ಆದರೆ ಕೊಂಡವನಿಗೆ ಓಇವಾ ಯಾರು ಅಂತ ಗೊತ್ತಿತ್ತು ಸ್ವಾಮಿ! ಅಷ್ಟೇ ನನ್ನ ಜಗಳ.

ಸರಿ, ನನ್ನದೂ ಒಂದು ತಪ್ಪೊಪ್ಪಿಗೆ ಇರಲಿ. 1844ರ ಸುಮಾರಿಗೆ ಕುನಿಯೋಶಿ ಎಂಬ ಇನ್ನೊಬ್ಬ ಜಪಾನಿ ಚಿತ್ರಕಾರ ಬರೆದ ದೈತ್ಯ ಅಸ್ಥಿಪಂಜರ ಎರಡು ವರ್ಷ ನನ್ನ ಫೋನಿನ ವಾಲ್‌ಪೇಪರ್ ಆಗಿತ್ತು. ಮೂರು ಹಾಳೆಯ ಚಿತ್ರ ಅದು. ಎಡಗಡೆ ಕಾಗದದ ಸುರುಳಿ ಹಿಡಿದು ಆ ಅಸ್ಥಿಪಂಜರವನ್ನು ಕರೆಸುತ್ತಿರುವವಳು ತಕಿಯಶಾ, ದಂಗೆ ಎದ್ದು ಸತ್ತ ಮಸಕಾದೋನ ಮಗಳು. ಫೋನಿಗೆ ಹೊಂದಲಿಲ್ಲ ಅಂತ ಅವಳನ್ನೇ ಕ್ರಾಪ್ ಮಾಡಿದ್ದೆ.

ಹೋಟೆಲಲ್ಲಿ ಕೈ ತೊಳೆಯಲು ಹೋದರೆ ಅಲ್ಲಿ ಹೊಕುಸಾಯಿಯ ಅದೇ ಸರಣಿಯ ಕೊಹೆಯ್ಜಿ! ಹೆಂಡತಿಯ ಪ್ರಿಯಕರನಿಂದ ಕೊಲೆಯಾದ ನಟ. ಎಲುಬಿನ ಬೆರಳಲ್ಲಿ ಸೊಳ್ಳೆಪರದೆಯ ಅಂಚು ಕೆಳಗೆಳೆದು ಒಳಗೆ ಇಣುಕುತ್ತಿದ್ದಾನೆ. ಒಳಗೆ ಮಲಗಿರಬೇಕಾದದ್ದು ಆ ಇಬ್ಬರು. ಚಿತ್ರದಲ್ಲಿ ಅವರಿಲ್ಲ. ಅವನು ನೋಡುತ್ತಿರುವುದು ನಮ್ಮನ್ನೇ ಅನಿಸಿತು. ಕೈಗೆ ಸೋಪು ಹಚ್ಚಿಕೊಂಡು ಸುಮ್ನೆ ನಿಂತುಬಿಟ್ಟೆ.

ನಮ್ಮನೆಯಲ್ಲಿ ಈಗಲೂ ಪರದೆ ಕಟ್ಟಿಯೇ ಮಲಗುವುದು. ನಿನ್ನೆ ರಾತ್ರಿ ಮಾತ್ರ ಸೊಳ್ಳೆ ಬ್ಯಾಟ್ ಪಕ್ಕದಲ್ಲಿಟ್ಟುಕೊಂಡು ಹಾಗೇ ಮಲಗಿದೆ.