ಮೈಲುತುತ್ತದ ಲೆಕ್ಕ ಸೊಸೈಟಿಯಲ್ಲೇ ಇದೆ, ತಾಮ್ರದ ಲೆಕ್ಕ?

ಮಳೆಗಾಲ ಬಂತು ಅಂದ್ರೆ ಶಿರಸಿ ಕಡೆ ಅಡಿಕೆ ತೋಟ ಇರುವವರಿಗೆಲ್ಲ ಕೊಳೆರೋಗದ್ದೇ ಚಿಂತೆ. ಅದಕ್ಕೆ ಮದ್ದು ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೋರ್ಡೋ ಹೊಡೆಯಬೇಡಿ ಅಂತ ನಾನು ಹೇಳುವುದಿಲ್ಲ, ಹೊಡೆಯದಿದ್ದರೆ ಅಡಿಕೆ ಉದುರಿ ಹೋಗುತ್ತದೆ. (ಮಳೆ ತಾಗದಂತೆ ಅಡಿಕೆ ಗೊಂಚಲಿಗೆ ಕರಡ ಹುಲ್ಲಿನ ಕೊಟ್ಟೆ ಕಟ್ಟುವವರು ಈಗ ಎಲ್ಲಿದ್ದಾರೆ ಹೇಳಿ!) ಆದರೆ ಆ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇದೆ. ಅಡಿಕೆ ಗೊಂಚಲಿಗೆ ಹೊಡೆದದ್ದು ಮಳೆಗೆ ತೊಳೆದು ಬುಡಕ್ಕೆ ಬೀಳುತ್ತದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಬಹುಪಾಲು ಮೇಲ್ಮಣ್ಣಲ್ಲೇ ಕೂತಿರುತ್ತದೆ, ಜಾಸ್ತಿಯಾದರೆ ಎರೆಹುಳಕ್ಕೂ ಬೇರಿಗೂ ಕಷ್ಟ, ಅದರಲ್ಲೂ ನಮ್ಮಂಥ ಹುಳಿ ಮಣ್ಣಲ್ಲಿ.

ಯುರೋಪಿನಲ್ಲಿ ಇದಕ್ಕೆ ಮಿತಿ ಇದೆ. ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ, ಅಷ್ಟೇ. ನಮ್ಮಲ್ಲಿ? 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಇದೆ, ಅದರ 12 ಅಂಶಗಳಲ್ಲಿ ತಾಮ್ರವೂ ಇದೆ. ಆದರೆ ಕಾರ್ಡು ನೋಡುವುದು ತಾಮ್ರ ಸಾಕಷ್ಟಿದೆಯಾ, ಕಡಿಮೆಯಿದೆಯಾ ಅಂತ ಮಾತ್ರ. ಜಾಸ್ತಿಯಾಯಿತು ಮಾರಾಯಾ ಅಂತ ಹೇಳುವ ಕಾಲಂ ಇಲ್ಲ. ರಂಜಕದ ಗೊಬ್ಬರದ ಜೊತೆ ಬರುವ ಕ್ಯಾಡ್ಮಿಯಂ ಎಂಬ ವಿಷಲೋಹದ ಹೆಸರಂತೂ ಅದರಲ್ಲಿಲ್ಲ.

ಸರ್ಕಾರ ಮಾಡಲಿ ಅಂತ ಕೂತರೆ ಆಗುವ ಕೆಲಸ ಅಲ್ಲ ಇದು. ಒಬ್ಬ ರೈತ ತಾನೇ ಟೆಸ್ಟ್ ಮಾಡಿಸಿದರೂ ಪ್ರಯೋಜನ ಕಡಿಮೆ, ಮೇಲಿನ ತೋಟದ ನೀರು ಕೆಳಗಿನ ತೋಟಕ್ಕೆ ಬರುತ್ತದಲ್ಲ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳಿಗೇನು ಬರವಿಲ್ಲ, ತೋಟಗಾರರ ಮಾರಾಟ ಸಂಘವಾದ ಶಿರಸಿಯ ಟಿಎಸ್ಎಸ್ 1923ರದ್ದು. ಮೈಲುತುತ್ತ ಕೊಡುವ ಸೊಸೈಟಿಯ ಪುಸ್ತಕದಲ್ಲಿ ಯಾವ ಊರಿಗೆ ಎಷ್ಟು ಹೋಯಿತು ಅಂತ ಇದ್ದೇ ಇರುತ್ತದೆ. ಅದೇ ಪುಸ್ತಕ ಹಿಡಿದುಕೊಂಡು, ಜಾಸ್ತಿ ಹೋದ ಊರುಗಳ ಮಣ್ಣನ್ನು ಮೊದಲು ಟೆಸ್ಟ್ ಮಾಡಿಸಲಿ. ಖರ್ಚು ಲಾಭಾಂಶದಿಂದ ತೆಗೆಯಲಿ.

ಜನ ಒಪ್ಪುವುದಿಲ್ಲ ಅನ್ನುವವರ ಮಾತಲ್ಲಿ ಹುರುಳಿದೆ. ನಮ್ಮ ತೋಟದಲ್ಲಿ ವಿಷ ಅಂತ ಊರಿಗೆ ಗೊತ್ತಾದರೆ ಜಮೀನಿಗೆ ಬೆಲೆ ಎಲ್ಲಿ? ಹಾಗಾಗಿ ಸರ್ವೆ ನಂಬರ್ ಬೇಡ. ಒಂದೊಂದು ಹಳ್ಳದ ಲೆಕ್ಕದಲ್ಲಿ ಫಲಿತಾಂಶ ಹಾಕಿದರೆ ಸಾಕು, ತನ್ನ ತೋಟದ ಅಂಕಿ ಮಾಲೀಕನಿಗೆ ಮಾತ್ರ ಕೊಟ್ಟರಾಯಿತು.

ಜಪಾನಿನ ಜಿಂಜು ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಹರಿದು ಜನರ ಮೂಳೆ ಮುರಿಯಿತು. ಅಲ್ಲಿನವರು ಕೋರ್ಟಲ್ಲಿ ಗೆದ್ದರು, ಪರಿಹಾರ ತೆಗೆದುಕೊಂಡು ಸುಮ್ನಿರಲಿಲ್ಲ. ತಜ್ಞರನ್ನು ಕರೆದುಕೊಂಡು ಗಣಿಯೊಳಗೆ ಹೋಗಿ ನೋಡುವ ಹಕ್ಕನ್ನೇ ಬರೆಸಿಕೊಂಡರು. ಗದ್ದೆ ಮಣ್ಣು ಸರಿಮಾಡುವ ಕೆಲಸ ಮುಗಿದದ್ದು 2012ರಲ್ಲಿ. ಅಲ್ಲಿ ಗಣಿ ಕಂಪನಿ ಅಂತ ಬೆರಳು ತೋರಿಸಲು ಒಬ್ಬರಿದ್ದರು. ಇಲ್ಲಿ ಮದ್ದು ಹೊಡೆಯುವವರೂ ನಾವೇ.

ಇನ್ನೊಂದು. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ, ಸೇರುವುದು ಕುಮಟಾ ಕಡೆಯ ಕಡಲಿಗೆ. ಅಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ರೈತರೂ ಈ ಲೆಕ್ಕದಲ್ಲಿ ಇರಬೇಕು, ಘಟ್ಟದ ಮೇಲಿನವರು ಮಾತ್ರ ಕೂತು ತೀರ್ಮಾನ ಮಾಡುವುದಲ್ಲ. ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ, ಅನುಮೋದನೆಗೆ ಇನ್ನೊಬ್ಬರು ಬೇಕು. ಯಾರು ಬರ್ತೀರಿ?