ನಮ್ಮ ಅಂಗಳ, ಅವರ ಲವಂಗ

ಬಾಲಿಯಲ್ಲಿದ್ದೇವೆ ಅಂದರೆ ಸಾಕು, ಊರಲ್ಲಿ ಎಲ್ಲರೂ ಒಂಥರಾ ನೋಡುತ್ತಾರೆ. ಅವರ ಕಣ್ಣಿಗೆ ಬರುವುದು ಸಮುದ್ರ, ಉಯ್ಯಾಲೆ, ಹನಿಮೂನ್ ಫೋಟೊ. ನಾವಿರುವುದು ಆ ಬಾಲಿ ಅಲ್ಲ ಮಾರಾಯ್ರೆ. ವಿಮಾನ ನಿಲ್ದಾಣ ಇರುವುದು ದ್ವೀಪದ ದಕ್ಷಿಣದಲ್ಲಿ. ನಮ್ಮ ಮುಂಡುಕ್ ಇರುವುದು ಉತ್ತರದ ಬುಲೆಲೆಂಗ್ ಸೀಮೆಯ ಬೆಟ್ಟದ ಮೇಲೆ. ನಡುವೆ ಬೆದುಗುಲ್ ಘಾಟಿ, ಸರೋವರಗಳು, ಮುಂದಿನ ಗಾಡಿ ಕಾಣದಷ್ಟು ಮಂಜು. ಊರ ಸುತ್ತ ಕಾಫಿ, ಲವಂಗ. ನಮ್ಮ ಯಜಮಾನರಿಗೆ ಲವಂಗ ಖರೀದಿಯ ಕೆಲಸ, ಹಾಗಾಗಿ ಇಲ್ಲಿ ಮನೆ. ಕೊಪ್ಪದಿಂದ ಹೊರಟು ಇಷ್ಟು ದೂರ ಬಂದು ಮತ್ತೆ ಕಾಫಿ ಗಿಡದ ಬುಡಕ್ಕೇ ಬಿದ್ದಳಲ್ಲ ಅಂತ ಅಮ್ಮನಿಗೆ ಬೇಜಾರು.

ನಾವು ಇಲ್ಲಿರುವುದರಿಂದ ನಿಜವಾಗಿ ಖುಷಿಪಟ್ಟವರು ಒಬ್ಬರೇ, ಚಿಕ್ಕಪ್ಪ. ಅವರಿಗೆ ಭೂಮಿ ಅಂದರೆ ಪ್ರಾಣ. ಮೊದಲ ಫೋನಿನಲ್ಲೇ ಕೇಳಿದರು:

“ಏ ಪುಟ್ಟಿ, ಅಲ್ಲಿ ಜಾಗ ಹೆಂಗೆ? ಗುಂಟೆಗೆ ಎಷ್ಟಂತೆ?”

“ಇಲ್ಲಿ ಗುಂಟೆ ಇಲ್ಲ ಚಿಕ್ಕಪ್ಪ, ಆರೆ ಅಂತಾರೆ. ನೂರು ಚದರ ಮೀಟರ್.”

ಆ ಕಡೆ ಒಂದು ನಿಮಿಷ ಸದ್ದಿಲ್ಲ. ಲೆಕ್ಕ ಹಾಕುತ್ತಿದ್ದರು. “ಅಂದ್ರೆ 1076 ಚದರಡಿ. ನಮ್ಮ ಗುಂಟೆ 1089. ಹದಿಮೂರು ಅಡಿ ಕಡಿಮೆ ಅಷ್ಟೇ. ಗುಂಟೆನೇ ಅದು! ಒಂದು ಹತ್ತು ನೋಡಿಡು.”

ವಿದೇಶಿಯರ ಹೆಸರಿಗೆ ಇಲ್ಲಿ ಜಮೀನು ಆಗುವುದಿಲ್ಲ, 1960ರಲ್ಲೇ ಕಾನೂನು ಮಾಡಿದ್ದಾರೆ, ಸ್ವಂತದ ಹಕ್ಕು ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ, ನಾವು ಬೇಕಾದರೆ ಗುತ್ತಿಗೆಗೆ ತಗೋಬಹುದು ಅಂತ ವಿವರಿಸಿದೆ. ಚಿಕ್ಕಪ್ಪ ತಾಳ್ಮೆಯಿಂದ ಕೇಳಿಸಿಕೊಂಡು, “ಅದೆಲ್ಲ ಇರತ್ತೆ. ಪಹಣಿ ಯಾರ ಹೆಸರಲ್ಲಿದೆ ನೋಡು. ಬಗರ್‌ಹುಕುಂ ಥರದ್ದು ಏನಾದ್ರೂ ಇದ್ರೆ ಸುಮ್ನೆ ಒಂದು ಅರ್ಜಿ ಹಾಕಿಡು” ಅಂದರು. ಅರ್ಜಿ ಹಾಕಿಟ್ಟರೆ ಭೂಮಿ ಎಂದಾದರೂ ಒಲಿದೇ ಒಲಿಯುತ್ತದೆ ಎಂಬುದು ಅವರ ನಂಬಿಕೆ.

ಅವರಿಗೆ ಹೇಗೆ ಹೇಳಲಿ, ಇಲ್ಲಿ ಬಾಡಿಗೆ ಕೊಟ್ಟ ಮನೆಯೇ ನಮ್ಮದಲ್ಲ ಅಂತ. ಕಾಂಪೌಂಡಿನ ಬೆಟ್ಟದ ಕಡೆಯ ಮೂಲೆಯಲ್ಲಿ ಮಾಲೀಕರ ಕುಟುಂಬದ ದೇವರ ಗುಡಿಗಳಿವೆ. ಅದು ಅವರದ್ದು. ಗುಡಿಗೆ ಹೋಗುವ ದಾರಿ ಅವರದ್ದು. ಮಾಲೀಕರ ಅಮ್ಮ ಬೆಳಗಾದರೆ ತಟ್ಟೆ ತುಂಬ ಚಾನಾಂಗ್ ಹೊತ್ತು ಬರುತ್ತಾರೆ. ತೆಂಗಿನ ಗರಿಯ ಪುಟ್ಟ ದೊನ್ನೆ, ಅದರಲ್ಲಿ ಹೂವು, ಮೇಲೊಂದು ಊದುಬತ್ತಿ. ಗುಡಿಗೆ, ಬಾಗಿಲಿಗೆ, ಒಲೆಗೆ ಒಂದೊಂದು ಇಟ್ಟು, ನಾನು ಮುಚ್ಚಿಟ್ಟ ಸಾರಿನ ಪಾತ್ರೆ ತೆಗೆದು ಮೂಸಿ, ತಲೆಯಾಡಿಸಿ ಹೋಗುತ್ತಾರೆ. ದೊನ್ನೆಯ ಬಿಸ್ಕತ್ತು ಪಕ್ಕದ ಮನೆ ಕೋಳಿಯದ್ದು. ಕೋಳಿ ಕೂಡ ಬಾಡಿಗೆ ಕೊಡುವುದಿಲ್ಲ.

ಮರಗಳ ವಿಷಯ ಜುಲೈ ಹೊತ್ತಿಗೆ ಗೊತ್ತಾಯಿತು.

ಅದಕ್ಕೆ ಮೊದಲು ನಮ್ಮ ಬಚ್ಚಲುಮನೆಯ ವಿಷಯ ಹೇಳಬೇಕು. ಪ್ರವಾಸಿಗರಿಗೆ ಇಷ್ಟವಾಗುತ್ತದೆ ಅಂತ ಮಾಲೀಕರು ಅದಕ್ಕೆ ಗೋಡೆ ನಾಲ್ಕು ಕಟ್ಟಿಸಿ, ಚಾವಣಿ ಅರ್ಧಕ್ಕೆ ನಿಲ್ಲಿಸಿದ್ದಾರೆ. ಸ್ನಾನ ಮಾಡುತ್ತಾ ಆಕಾಶ ನೋಡಬೇಕಂತೆ. ಮಳೆಗಾಲದಲ್ಲಿ ಮೈ ಒರೆಸಿಕೊಂಡಷ್ಟೂ ಒದ್ದೆ ಅನ್ನುವುದು ಬಿಟ್ಟರೆ ನನಗೂ ಅಭ್ಯಾಸವಾಗಿತ್ತು.

ಆವತ್ತು ಬೆಳಿಗ್ಗೆ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕಣ್ಣುಮುಚ್ಚಿ ಕೂತಿದ್ದೆ. ಮೇಲಿನಿಂದ ಎಲೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಒಂದು ದನಿ ಬಿತ್ತು.

“ಸ್ನಾನ ಆಯ್ತಾ, ಬು?”

ಬು ಅಂದರೆ ಅಮ್ಮ, ಗಂಡಸರಾದರೆ ಪಾಕ್. ಇಲ್ಲಿ ದಾರಿಯಲ್ಲಿ ಸಿಕ್ಕವರನ್ನೂ ಹಾಗೇ ಮಾತಾಡಿಸುತ್ತಾರೆ, ನಮ್ಮಲ್ಲಿ ಊಟ ಆಯ್ತಾ ಅನ್ನುವ ಹಾಗೆ. ಆದರೆ ಸೀಗೆಪುಡಿ ಕಣ್ಣಿಗಿಳಿಯುವಾಗ, ಮೂರು ಆಳೆತ್ತರದಿಂದ ಆ ಪ್ರಶ್ನೆ ಬಂದರೆ? ಬಕೀಟನ್ನೇ ಅಡ್ಡ ಹಿಡಿದು, ಇಲ್ಲ, ಇನ್ನೂ ಆಗುತ್ತಿದೆ ಅಂದೆ. ಬೇರೆ ಏನು ಹೇಳಲಿ? ಅವರು “ಆಗಲಿ ಆಗಲಿ” ಅಂತ ಮರ್ಯಾದೆಯಿಂದ ಮುಖ ತಿರುಗಿಸಿ ಲವಂಗ ಕೀಳಲು ಶುರುಮಾಡಿದರು.

ಹೊರಗೆ ಬಂದು ನೋಡಿದರೆ ಗೋಡೆಯಾಚೆಯ ಮರಕ್ಕೆ ಏಣಿ ಹಾಕಿದ್ದರು. ಏಣಿ ಅಂದರೆ ಒಂದೇ ಒಂದು ಬಿದಿರು. ಉದ್ದಕ್ಕೂ ಅಡ್ಡಗೂಟ ತೂರಿಸಿದ್ದೇ ಮೆಟ್ಟಿಲು. ತುದಿಯಿಂದ ಹಗ್ಗ ಎಳೆದು ಸುತ್ತಲಿನ ಮರಗಳಿಗೆ ಬಿಗಿದಿದ್ದರು. ಒಂದು ಹಗ್ಗ ನನ್ನ ಬಟ್ಟೆ ಒಣಹಾಕುವ ಕಂಬಕ್ಕೆ. ಆ ತುದಿಯಲ್ಲಿ ಅಜ್ಜನಂಥ ಮನುಷ್ಯ ಒಂದು ಕಾಲನ್ನು ಗೂಟಕ್ಕೆ ಸುತ್ತಿ, ಗೊಂಚಲು ಬಗ್ಗಿಸಿ, ಮೊಗ್ಗು ಕಿತ್ತು ಚೀಲಕ್ಕೆ ತುಂಬುತ್ತಿದ್ದರು. ಅರಳುವ ಮುಂಚೆಯೇ ಕೀಳಬೇಕು; ಅರಳಿದರೆ ರೇಟು ಇಲ್ಲ. ಹಾಗಾಗಿ ನಮ್ಮ ಸ್ನಾನದ ಹೊತ್ತು ನೋಡಿಕೊಂಡು ಕೂರಲು ಅವರಿಗೆ ಆಗುವುದಿಲ್ಲ. ನಾನೇ ಕೊಡೆ ಹಿಡಿದು ಸ್ನಾನ ಮಾಡುವುದನ್ನು ಕಲಿತೆ. ಕಷ್ಟವೇನಿಲ್ಲ, ಎಡಗೈಗೆ ಸ್ವಲ್ಪ ರೂಢಿಯಾಗಬೇಕು.

ಕಿತ್ತ ಲವಂಗ ಒಣಗಿಸಬೇಕಲ್ಲ. ಊರಿನ ಡಾಂಬರು ರಸ್ತೆಯ ಅಂಚಿಗೆಲ್ಲ ಟಾರ್ಪಾಲು ಹಾಸಿರುತ್ತಾರೆ. ಜಾಗ ಸಾಲದೆ ಒಂದು ದಿನ ನಮ್ಮ ಅಂಗಳಕ್ಕೂ ಹಾಸಿಬಿಟ್ಟರು. ಬಾಗಿಲು ತೆಗೆದರೆ ಹೊಸ್ತಿಲಿಂದ ಗೇಟಿನವರೆಗೆ ಲವಂಗ. ಕಾಲಿಡಲು ಜಾಗವಿಲ್ಲ. ಲವಂಗ ಖರೀದಿಗೆ ಹೊರಟ ಯಜಮಾನರು ಲವಂಗ ದಾಟಲಾಗದೆ ಮನೆಯಲ್ಲೇ ಕೂತರು. ಅಡಿಕೆ ಅಂಗಳದಲ್ಲಿ ಬೆಳೆದವಳು ನಾನು, ನನಗೇನೂ ಅನ್ನಿಸಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಅವರು ಆಫೀಸಿಗೆ ರಜೆಯ ಕಾರಣ ಏನಂತ ಬರೆಯುವುದು ಅಂತ ತಲೆ ಕೆರೆದುಕೊಂಡರು.

ದಾರಿ ಕೇಳುವುದೂ ಇಲ್ಲಿ ಸಾಹಸವೇ. ಎಡ, ಬಲ ಅನ್ನುವವರು ಕಡಿಮೆ. ಕಾಜ ಅಂದರೆ ಬೆಟ್ಟದ ಕಡೆ, ಕೆಲೋದ್ ಅಂದರೆ ಸಮುದ್ರದ ಕಡೆ. ದಕ್ಷಿಣದ ಡೆನ್‌ಪಸಾರ್ ಪಟ್ಟಣದ ಕಡೆ ಬೆಟ್ಟ ಉತ್ತರಕ್ಕಿದ್ದರೆ ನಮಗೆ ಅದೇ ಬೆಟ್ಟ ದಕ್ಷಿಣಕ್ಕೆ. ನಮ್ಮ ಫ್ರಿಜ್ ತಂದ ಲಾರಿಯವರು ದಕ್ಷಿಣದವರು. ಕೆಲೋದ್ ಅಂದಕೂಡಲೇ ಅಭ್ಯಾಸದ ಮೇಲೆ ದಕ್ಷಿಣಕ್ಕೆ ತಿರುಗಿಸಿಕೊಂಡು ಹೋಗಿ, ಸರೋವರದ ದಂಡೆಯಲ್ಲಿ ಫ್ರಿಜ್ ಸಮೇತ ನಿಂತು ಫೋನ್ ಮಾಡಿದರು. ಮನೆಯೊಳಗೂ ಇದೇ ಕಥೆ. ಉಪ್ಪಿನ ಡಬ್ಬಿ ಎಲ್ಲಿ ಅಂದರೆ ಮಾಲೀಕರ ಅಮ್ಮ “ಬೆಟ್ಟದ ಕಡೆ” ಅನ್ನುತ್ತಾರೆ.

ಯಜಮಾನರು ಬೆಂಗಳೂರಿಗೆ ಹೊರಟ ದಿನ ಘಾಟಿ ಇಳಿದ ಮೇಲೆ ಒಂದೂರಿನಲ್ಲಿ ಶವಸಂಸ್ಕಾರದ ಮೆರವಣಿಗೆ ಸಿಕ್ಕಿತಂತೆ. ಬಣ್ಣದ ಕಾಗದದ ಎತ್ತರದ ಗೋಪುರ ಹೊತ್ತು ನೂರಾರು ಜನ. ಕೂಡುರಸ್ತೆ ಬಂದಾಗ ಗೋಪುರವನ್ನು ಗರಗರ ಸುತ್ತಿಸುತ್ತಾರೆ, ಸತ್ತವರ ಆತ್ಮಕ್ಕೆ ಮನೆಯ ದಾರಿ ತಪ್ಪಲಿ ಅಂತ. ಮುಂದೆ ಕರೆಂಟಿನ ತಂತಿ. ಅದನ್ನು ಬಿದಿರಿನಿಂದ ಎತ್ತಿ ಹಿಡಿದು ದಾಟಿಸಬೇಕು. ಹಿಂದೆ ನಿಂತ ಗಾಡಿಗಳ ಸಾಲಿನಲ್ಲಿ ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ನಮ್ಮ ಡ್ರೈವರ್ ಇಳಿದು ಹೋಗಿ ತಾನೂ ಒಂದು ಬಿದಿರು ಹಿಡಿದ. ವಿಮಾನ ಹೋಯಿತು. “ಆತ್ಮಕ್ಕೆ ದಾರಿ ತಪ್ಪಿತೋ ಇಲ್ವೋ, ನಾನಂತೂ ವಾಪಸ್ ಮನೆಗೇ ಬಂದೆ” ಅಂತ ಸೂಟ್‌ಕೇಸ್ ಇಟ್ಟರು.

ಸ್ಕೂಟರಿಗೆ ಮಾತ್ರ ಇಲ್ಲಿ ಒಳ್ಳೆ ಯೋಗ. 210 ದಿನಕ್ಕೊಮ್ಮೆ ತುಂಪೆಕ್ ಲಂಡೆಪ್ ಅಂತ ಬರುತ್ತದೆ. ಮೊದಲು ಕತ್ತಿ, ಕಠಾರಿಗೆ ಪೂಜೆ ಇತ್ತು, ಈಗ ಗಾಡಿಗಳಿಗೂ. ಥೇಟ್ ನಮ್ಮ ಆಯುಧಪೂಜೆ, ಅಲ್ವಾ? ಮಾಲೀಕರ ಅಮ್ಮ ಸೀಟಿನ ಮೇಲೆ ಅಕ್ಕಿ, ಹಣ್ಣು ಇಟ್ಟು ತೀರ್ಥ ಚಿಮುಕಿಸಿದರು. ಕೋಳಿ ಹಾರಿ ಕೂತು ಹಣ್ಣಿನ ಜೊತೆ ಸೀಟನ್ನೂ ಕುಕ್ಕಿ ಸ್ಪಂಜು ಹೊರಗೆಳೆಯಿತು. ಮಳೆ ಬಂದ ಮರುದಿನ ಅದರ ಮೇಲೆ ಕೂತು ನೋಡಿ, ಗೊತ್ತಾಗುತ್ತದೆ.

ಇನ್ನು 2023ರ ಮಾರ್ಚ್ 22. ನಮ್ಮ ಯುಗಾದಿ. ಅದೇ ದಿನ ಇಲ್ಲಿಯ ನ್ಯೆಪಿ, ಅಂದರೆ ಇವರ ಹೊಸ ವರ್ಷ. ನಮ್ಮ ಹಬ್ಬದಲ್ಲಿ ಬೆಳಿಗ್ಗೆ ಒಲೆ ಹಚ್ಚಿದರೆ ಆರುವುದಿಲ್ಲ. ಇವರ ಹಬ್ಬದಲ್ಲಿ ಬೆಂಕಿ ಹಚ್ಚುವಂತಿಲ್ಲ, ದೀಪ ಹಾಕುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆ ಬಿಟ್ಟು ಹೊರಬರುವಂತಿಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಬಾಗಿಲು ಹಾಕುತ್ತದೆ. ಮೊಬೈಲ್ ಇಂಟರ್‌ನೆಟ್ ಕೂಡ ಬಂದ್. ಊರು ಕಾಯಲು ಬೀದಿಯಲ್ಲಿರುವವರು ಪೆಚಲಾಂಗ್ ಮಾತ್ರ, ಸೊಂಟಕ್ಕೆ ಕಪ್ಪು ಬಿಳಿ ಚೌಕಳಿ ಬಟ್ಟೆ ಸುತ್ತಿದ ಊರಿನ ಕಾವಲುಗಾರರು. ನಾನು ಹಿಂದಿನ ದಿನವೇ ಒಬ್ಬಟ್ಟು ಮಾಡಿಟ್ಟು, ಬೇವು ಸಿಗದೆ ಹಾಗಲಕಾಯಿ ಚೂರನ್ನು ಬೆಲ್ಲಕ್ಕೆ ಸೇರಿಸಿ ಗೆದ್ದೆ ಅಂದುಕೊಂಡಿದ್ದೆ.

ಹತ್ತು ಗಂಟೆಗೆ ಗೋಡೆಯ ಮೀಟರು ಕೂಗಲು ಶುರುಮಾಡಿತು. ಟೀಂ. ಟೀಂ. ಟೀಂ.

ಇಲ್ಲಿ ಕರೆಂಟಿಗೆ ಮೊದಲೇ ದುಡ್ಡು ಕಟ್ಟಬೇಕು. ಕಟ್ಟಿದರೆ 20 ಅಂಕಿಯ ನಂಬರು ಬರುತ್ತದೆ, ಅದನ್ನು ಮೀಟರಿನಲ್ಲಿ ಒತ್ತಬೇಕು. ಮುಗಿಯುತ್ತಾ ಬಂದರೆ ಮೀಟರು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಮಾಮೂಲಿ ದಿನ ಯಾರಿಗೂ ಲೆಕ್ಕಕ್ಕಿಲ್ಲ. ಆವತ್ತು ನಾಯಿ ಕೂಡ ಬೊಗಳುತ್ತಿರಲಿಲ್ಲ. ಬಾಲಿಯಲ್ಲಿ ಸದ್ದು ಮಾಡುತ್ತಿದ್ದುದು ನಮ್ಮ ಮೀಟರು ಒಂದೇ ಇರಬೇಕು. ನಂಬರು ತರಿಸಲು ನೆಟ್ ಇಲ್ಲ, ತರಲು ಹೋಗುವಂತಿಲ್ಲ. ಯಜಮಾನರು ಅದಕ್ಕೆ ತಲೆದಿಂಬು ಒತ್ತಿ ಹಿಡಿದು ನಿಂತರು. ದಿಂಬಿನೊಳಗಿಂದಲೂ ಟೀಂ.

ಪೆಚಲಾಂಗ್ ಬಂದೇ ಬಂದರು. ನೋಡಿದರೆ ಬಚ್ಚಲುಮನೆಯ ಮೇಲಿನ ಅದೇ ಅಜ್ಜ! ದಿಂಬು ಹಿಡಿದ ಯಜಮಾನರನ್ನು ಮೇಲಿಂದ ಕೆಳಗೆ ನೋಡಿದರು. ಹೋಗಿ ಎಲ್ಲಿಂದಲೋ ಒದ್ದೆ ಗೋಣಿಚೀಲ ತಂದು ಕೊಟ್ಟರು. ದಿಂಬಿನ ಮೇಲೆ ಗೋಣಿ ಸುತ್ತಿದ ಮೇಲೆ ಮೀಟರು ಸ್ವಲ್ಪ ಮೆತ್ತಗಾಯಿತು. ಬರಿಗೈಯಲ್ಲಿ ಕಳಿಸುವುದು ಹೇಗೆ ಅಂತ ಗೇಟಿನ ಸಂದಿಯಿಂದ ಎರಡು ಒಬ್ಬಟ್ಟು ಚಾಚಿದೆ. ಆಚೀಚೆ ನೋಡಿ ಚೌಕಳಿ ಬಟ್ಟೆಯೊಳಗೆ ಸೇರಿಸಿಕೊಂಡು ಪಿಸುಗುಟ್ಟಿದರು:

“ಇದೇನು ಬು, ಇವತ್ತು?”

“ನಮ್ಮಲ್ಲೂ ಇವತ್ತು ಹೊಸ ವರ್ಷ, ಪಾಕ್. ಶಕ 1945.”

“ನಮ್ಮದೂ 1945!” ಒಂದು ಕ್ಷಣ ಖುಷಿಯಾದರು. ಆಮೇಲೆ ಡ್ಯೂಟಿ ನೆನಪಾಯಿತೇನೋ, ಗೋಣಿಚೀಲದ ಕಡೆ ಬೆರಳು ತೋರಿಸಿದರು. “ಹಾಗಿದ್ರೆ ನಿಮಗೆ ವಿದೇಶಿಯರ ರಿಯಾಯಿತಿ ಇಲ್ಲ. ಸಂಜೆ ಮತ್ತೆ ಬರ್ತೀನಿ. ಇನ್ನೊಂದೆರಡು ಇದ್ದರೆ ತೆಗೆದಿಡಿ.”